ಉಪನದಿಯ ನೀರು

ಆಳಂದ ತಾಲ್ಲೂಕಿನಲ್ಲಿ ಹರಿಯುವ ಅಮರ್ಜಾ ದೊಡ್ಡ ನದಿಯೇನೂ ಅಲ್ಲ. ನಾಡಿನ ಭೂಪಟದಲ್ಲಿ ಅದೊಂದು ಸಣ್ಣ ಗೆರೆ. ಆ ಗೆರೆ ಕೊರಳ್ಳಿಯ ಅಣೆಕಟ್ಟನ್ನು ದಾಟಿ, ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆ ಮುಂದೆ ಜೇವರ್ಗಿಯ ಕಪ್ಪು ನೆಲವನ್ನು ಹಾದು ಕೃಷ್ಣೆಯಲ್ಲಿ ಒಂದಾಗುತ್ತಾಳೆ. ಭೂಗೋಳದ ಪುಸ್ತಕದಲ್ಲಿ ಅಮರ್ಜೆಗೆ ‘ಉಪನದಿ’ ಎಂಬ ಹೆಸರಿದೆ. ‘ಉಪ’ ಎಂಬ ಅಕ್ಷರಗಳನ್ನು ಕಂಡೊಡನೆ ಅದನ್ನು ಕೀಳೆಂದು ಬಗೆಯುವುದು ನಮ್ಮಲ್ಲಿ ಅನೇಕರ ರೂಢಿ. ಆದರೆ ಉಪನದಿ ಹಿರಿಯ ನದಿಯಿಂದ ನೀರನ್ನು ಬೇಡುವುದಿಲ್ಲ. ತನ್ನ ಸೀಮೆಯಲ್ಲಿ ಬಿದ್ದ ಮಳೆಯನ್ನು ತಾನೇ ಕೂಡಿಸಿ ಹಿರಿಯ ನದಿಗೆ ಕೊಡುತ್ತದೆ. ಕೊಡುವವರು ಯಾರು, ಪಡೆಯುವವರು ಯಾರು ಎಂಬುದನ್ನು ಹೆಸರಿನಿಂದ ತೀರ್ಮಾನಿಸಲಾಗದು.

ಈ ಮಾತನ್ನು ಇಂದಿನ ಉದ್ಯಮ ಪ್ರಪಂಚಕ್ಕೆ ಅನ್ವಯಿಸಿ ನೋಡುವುದು ಈ ಪಾಠದ ಉದ್ದೇಶ.

ಒಂದು ದೇಶದಲ್ಲಿ ಹುಟ್ಟಿ, ಹಲವು ದೇಶಗಳಲ್ಲಿ ಕಾರ್ಖಾನೆ, ಕಚೇರಿ, ಪ್ರಯೋಗಶಾಲೆಗಳನ್ನು ತೆರೆದು ವ್ಯವಹಾರ ನಡೆಸುವ ಕಂಪನಿಗೆ ಬಹುರಾಷ್ಟ್ರೀಯ ಕಂಪನಿ ಎನ್ನುತ್ತೇವೆ. ಹುಟ್ಟಿದ ನೆಲದಲ್ಲಿರುವುದು ಮಾತೃಸಂಸ್ಥೆ. ಪರದೇಶಗಳಲ್ಲಿ ಅದು ಸ್ಥಾಪಿಸಿದವು ಅಂಗಸಂಸ್ಥೆಗಳು. ಬಹುಕಾಲದವರೆಗೆ ಇವುಗಳ ನಡುವೆ ಒಂದು ಅಲಿಖಿತ ನಿಯಮವಿತ್ತು. ಯೋಚಿಸುವುದು ಮಾತೃಸಂಸ್ಥೆಯ ಕೆಲಸ, ಯೋಚಿಸಿದ್ದನ್ನು ಮಾಡಿ ಮುಗಿಸುವುದು ಅಂಗಸಂಸ್ಥೆಯ ಕೆಲಸ. ದೇಹಕ್ಕೆ ತಲೆ ಒಂದೇ, ಕೈಗಳು ಹಲವು ಎಂಬುದು ಆ ನಿಯಮದ ಹಿಂದಿನ ಭಾವನೆ. ಈ ನಿಯಮ ಎಷ್ಟರಮಟ್ಟಿಗೆ ಸರಿ? ಕೈಗಳಿಗೂ ಯೋಚಿಸುವ ಶಕ್ತಿಯಿದ್ದರೆ ಅದನ್ನು ಬೆಳೆಸುವುದು ಹೇಗೆ? ನಮ್ಮ ರಾಜ್ಯದ ಅನುಭವವೇ ಇದಕ್ಕೆ ಉತ್ತರ ಕೊಡುತ್ತದೆ.

1951ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಸ್ಥಾಪನೆಯಾಯಿತು. ಜನರ ಬಾಯಲ್ಲಿ ಅದು ‘ಮೈಕೊ’ ಎಂದೇ ಹೆಸರಾಯಿತು. ಜರ್ಮನಿಯ ಬಾಷ್ ಕಂಪನಿಯ ವಿದ್ಯೆಯನ್ನು ಆಧರಿಸಿ, ಆಡುಗೋಡಿಯ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್‌ಗಳೂ ಡೀಸೆಲ್ ಎಂಜಿನ್ನಿಗೆ ಇಂಧನವನ್ನು ಚಿಮ್ಮಿಸುವ ಪಂಪುಗಳೂ ತಯಾರಾದವು. ಲಾರಿ, ಟ್ರ್ಯಾಕ್ಟರುಗಳಲ್ಲಿ ಅವು ದೇಶದ ಮೂಲೆಮೂಲೆಗೆ ತಲುಪಿದವು. ಕೂದಲೆಳೆಗಿಂತ ಸೂಕ್ಷ್ಮವಾದ ಅಳತೆಯಲ್ಲಿ ಲೋಹವನ್ನು ಕೊರೆಯುವ ಕೌಶಲ ನಮ್ಮ ಕಾರ್ಮಿಕರಿಗೆ ಕರಗತವಾಯಿತು. ಹೊಸ ಕಲ್ಪನೆ ಜರ್ಮನಿಯದು, ಕೈಗಾರಿಕೆ ಬೆಂಗಳೂರಿನದು ಎಂಬುದು ಆ ಕಾಲದ ಸ್ಥಿತಿ. ಇದನ್ನು ಹಗುರವಾಗಿ ಕಾಣಬಾರದು. ಚೆನ್ನಾಗಿ ಮಾಡಲು ಕಲಿಯದವನು ಹೊಸದನ್ನು ಮಾಡಲಾರನು. ಅನುಕರಣೆಯು ವಿದ್ಯೆಯ ಮೊದಲ ಮೆಟ್ಟಿಲು. 2008ರಲ್ಲಿ ಆ ಕಂಪನಿ ಬಾಷ್ ಲಿಮಿಟೆಡ್ ಎಂಬ ಹೆಸರನ್ನು ತಾಳಿತು. ಕಾರ್ಖಾನೆಯ ಕೆಲಸ ಬಿಡದಿಗೆ ಸಾಗಿತು; ಆಡುಗೋಡಿಯ ಅದೇ ನೆಲದಲ್ಲಿ ಇಂದು ತಂತ್ರಜ್ಞಾನದ ಕೇಂದ್ರವಿದೆ. ಕೈಯಿದ್ದ ಕಡೆಗೆ ತಲೆಯೂ ಬಂದಿತೆಂದು ಹೇಳಬಹುದು.

ಎರಡನೆಯ ಮೆಟ್ಟಿಲು 1985ರಲ್ಲಿ ಕಾಣಿಸಿಕೊಂಡಿತು. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು ಬೆಂಗಳೂರಿನಲ್ಲಿ ಸಂಶೋಧನೆ ಮತ್ತು ಅಭಿವೃದ್ಧಿಯ ಕೇಂದ್ರವನ್ನು ತೆರೆಯಿತು. ಇಂತಹ ಕೇಂದ್ರವನ್ನು ನಮ್ಮಲ್ಲಿ ತೆರೆದ ಬಹುರಾಷ್ಟ್ರೀಯ ಕಂಪನಿಗಳಲ್ಲಿ ಅದೇ ಮೊದಲನೆಯದು. ಆಗ ದೂರದ ಊರಿಗೆ ಟೆಲಿಫೋನ್ ಮಾಡಬೇಕಾದರೆ ಗಂಟೆಗಟ್ಟಲೆ ಕಾಯಬೇಕಾಗಿದ್ದ ಕಾಲ. ಕಂಪನಿಯು ಉಪಗ್ರಹದ ಮೂಲಕ ಅಮೆರಿಕದೊಡನೆ ನೇರ ಸಂಪರ್ಕ ಪಡೆಯಿತು. ಅದರ ಭೂಕೇಂದ್ರದ ಸಲಕರಣೆ ಎತ್ತಿನ ಗಾಡಿಯ ಮೇಲೆ ಸಾಗಿಬಂದ ಸಂಗತಿಯನ್ನು ಇಂದಿಗೂ ಜನ ನೆನೆಯುತ್ತಾರೆ. ಮೊದಮೊದಲು ಇಲ್ಲಿಯ ಎಂಜಿನಿಯರುಗಳು ಮಾಡಿದ್ದು, ಚಿಪ್‌ಗಳ ವಿನ್ಯಾಸಕ್ಕೆ ನೆರವಾಗುವ ತಂತ್ರಾಂಶವನ್ನು ಬರೆದು ಮಾತೃಸಂಸ್ಥೆಗೆ ಕಳುಹಿಸುವ ಕೆಲಸ. ಕ್ರಮೇಣ ಚಿಪ್‌ಗಳ ಭಾಗಗಳನ್ನು ವಿನ್ಯಾಸಗೊಳಿಸಿದರು. 1990ರ ದಶಕದಲ್ಲಿ, ಸಂಕೇತಗಳನ್ನು ಸಂಸ್ಕರಿಸುವ ಇಡೀ ಚಿಪ್ಪೊಂದನ್ನು ಇಲ್ಲಿಯೇ ರೂಪಿಸಿದರು. ಅದಕ್ಕೆ ಅವರು ಇಟ್ಟ ಹೆಸರು ‘ಅಂಕುರ’. ವಹಿಸಿದ ಕೆಲಸವನ್ನು ಮಾಡುವ ಹಂತದಿಂದ, ಕೆಲಸವನ್ನು ತಾನೇ ಕಲ್ಪಿಸಿಕೊಳ್ಳುವ ಹಂತಕ್ಕೆ ಏರಲು ಸುಮಾರು ಒಂದು ದಶಕ ಹಿಡಿಯಿತೆಂಬುದನ್ನು ಗಮನಿಸಬೇಕು. ಬಿತ್ತಿದ ಮರುದಿನವೇ ತೆನೆಯನ್ನು ಬಯಸುವ ಯಜಮಾನನಿಗೆ ಅಂಕುರ ಕಾಣಿಸುವುದಿಲ್ಲ.

ಆದರೆ ಇದು ಕೂಡ ಸಂಪೂರ್ಣ ಅರ್ಥದಲ್ಲಿ ಉಪನದಿಯ ನೀರಲ್ಲ. ಇಲ್ಲಿ ಬುದ್ಧಿ ನಮ್ಮದು; ಸಮಸ್ಯೆ ಬಹುಮಟ್ಟಿಗೆ ಲೋಕದ ಮಾರುಕಟ್ಟೆಯದು. ನಮ್ಮ ನೆಲದ ಸಮಸ್ಯೆಯೇ ಹೊಸ ಶೋಧಕ್ಕೆ ಕಾರಣವಾದ ಉದಾಹರಣೆಯನ್ನು ಈಗ ನೋಡೋಣ.

ಜೇವರ್ಗಿಯಿಂದ ಕಲಬುರಗಿಗೆ ಸುಮಾರು 40 ಕಿಲೋಮೀಟರು; ಆಳಂದದಿಂದಲೂ ಹೆಚ್ಚುಕಡಿಮೆ ಅಷ್ಟೇ ದೂರ; ಅಫಜಲಪುರ ಇನ್ನೂ ಹೆಚ್ಚು ದೂರ. ಈ ತಾಲ್ಲೂಕುಗಳ ಒಳಹಳ್ಳಿಯೊಂದರಲ್ಲಿ ತೊಗರಿ ಕಟಾವಿಗೆ ಹೋದ ರೈತನೊಬ್ಬನಿಗೆ ಎದೆನೋವು ಕಾಣಿಸಿಕೊಂಡಿತೆಂದು ಭಾವಿಸಿ. ಅದು ವಾಯುವಿನ ನೋವೇ, ಹೃದಯಾಘಾತವೇ ಎಂಬುದು ಬರಿಗಣ್ಣಿಗೆ ತಿಳಿಯದು. ಹೃದಯದ ವಿದ್ಯುತ್ ಮಿಡಿತವನ್ನು ಕಾಗದದ ಮೇಲೆ ಗೆರೆಯಾಗಿ ಮೂಡಿಸುವ ಇ.ಸಿ.ಜಿ. ಯಂತ್ರ ಅದನ್ನು ಕೆಲವೇ ನಿಮಿಷಗಳಲ್ಲಿ ಹೇಳಬಲ್ಲದು. ಹೃದಯಕ್ಕೆ ರಕ್ತ ಒಯ್ಯುವ ನಾಳ ಮುಚ್ಚಿಕೊಂಡಾಗ ಗಳಿಗೆ ಗಳಿಗೆಗೂ ಸ್ನಾಯು ಸಾಯುತ್ತದೆ. ಆದುದರಿಂದ ಮೊದಲ ಗಂಟೆಯಲ್ಲಿ ರೋಗ ತಿಳಿಯುವುದಕ್ಕೂ ನಾಲ್ಕನೆಯ ಗಂಟೆಯಲ್ಲಿ ತಿಳಿಯುವುದಕ್ಕೂ ಇರುವ ಅಂತರ, ಅನೇಕ ವೇಳೆ ಬದುಕಿಗೂ ಸಾವಿಗೂ ಇರುವ ಅಂತರವೇ ಆಗಿರುತ್ತದೆ.

ಈ ಯಂತ್ರ ಲೋಕಕ್ಕೆ ಹೊಸದೇನೂ ಅಲ್ಲ. ಆದರೆ ದೊಡ್ಡ ಕಂಪನಿಗಳು ತಯಾರಿಸುತ್ತಿದ್ದ ಯಂತ್ರ ದೊಡ್ಡ ಆಸ್ಪತ್ರೆಗಾಗಿಯೇ ರೂಪುಗೊಂಡಿತ್ತು. ಅದು ಭಾರವಾದುದು, ಬೆಲೆಯುಳ್ಳದ್ದು, ಎಡೆಬಿಡದ ವಿದ್ಯುತ್ತನ್ನೂ ಪಳಗಿದ ಕೈಯನ್ನೂ ಬೇಡುವಂಥದು. ಧೂಳು, ಬಿಸಿಲು, ಪದೇ ಪದೇ ಹೋಗುವ ಕರೆಂಟು, ಒಬ್ಬರೇ ನರ್ಸ್ ಇರುವ ಆರೋಗ್ಯ ಕೇಂದ್ರ ಇವು ಅದನ್ನು ರೂಪಿಸಿದವರ ಕಣ್ಣೆದುರಿಗೆ ಇರಲಿಲ್ಲ. ಕಾಣದಿದ್ದ ಕಷ್ಟಕ್ಕೆ ಪರಿಹಾರ ಹುಡುಕುವುದು ಯಾರಿಗೂ ಸಾಧ್ಯವಿಲ್ಲ.

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯು 2000ದ ಇಸವಿಯಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಜಾನ್ ಎಫ್. ವೆಲ್ಚ್ ತಂತ್ರಜ್ಞಾನ ಕೇಂದ್ರವನ್ನು ತೆರೆದಿತ್ತು. ಅಲ್ಲಿಯ ಎಂಜಿನಿಯರುಗಳು ಈ ಸಮಸ್ಯೆಯನ್ನು ಕೈಗೆತ್ತಿಕೊಂಡರು. ದೊಡ್ಡ ಯಂತ್ರದಿಂದ ಒಂದೊಂದೇ ಭಾಗವನ್ನು ಕಿತ್ತುಹಾಕಿ ಅಗ್ಗ ಮಾಡುವುದು ಅವರ ದಾರಿಯಾಗಿರಲಿಲ್ಲ. ಹಳ್ಳಿಯ ವೈದ್ಯರಿಗೆ ಏನು ಬೇಕು ಎಂಬಲ್ಲಿಂದ ಅವರು ಆರಂಭಿಸಿದರು. ವಿಶೇಷವಾಗಿ ಮಾಡಿಸಿದ ಚಿಪ್ಪಿನ ಬದಲು ಮಾರುಕಟ್ಟೆಯಲ್ಲಿ ದೊರೆಯುವ ಸಾಮಾನ್ಯ ಚಿಪ್ಪನ್ನು ಬಳಸಿದರು. ಮುದ್ರಣಕ್ಕೆ ಏನು ಮಾಡುವುದೆಂಬ ಪ್ರಶ್ನೆ ಬಂದಾಗ, ಬಸ್ಸಿನ ಟಿಕೆಟ್ ಕೊಡುವ ಸಣ್ಣ ಯಂತ್ರ ಅವರ ಕಣ್ಣಿಗೆ ಬಿತ್ತು. ನೂಕುನುಗ್ಗಲಿನಲ್ಲಿ, ಧೂಳಿನಲ್ಲಿ, ದಿನವಿಡೀ ಕೈಯಿಂದ ಕೈಗೆ ಓಡಾಡಿದರೂ ಕೆಡದೆ ಚೀಟಿ ಕೊಡುವ ಆ ಯಂತ್ರದ ವಿಧಾನವನ್ನೇ ಹೃದಯದ ಗೆರೆ ಮೂಡಿಸಲು ಹೊಂದಿಸಿಕೊಂಡರು. ಹತ್ತಾರು ಗುಂಡಿಗಳಿದ್ದ ಕಡೆ ನಾಲ್ಕೇ ಗುಂಡಿಗಳು ಉಳಿದವು. ಬ್ಯಾಟರಿಯಿಂದಲೂ ನಡೆಯುವಂತಾಯಿತು. 2008ರ ಸುಮಾರಿಗೆ ‘ಮ್ಯಾಕ್ 400’ ಎಂಬ ಹೆಸರಿನಲ್ಲಿ ಬಳಕೆಗೆ ಬಂದ ಈ ಯಂತ್ರದ ತೂಕ ಒಂದೂವರೆ ಕಿಲೋಗ್ರಾಮಿಗೂ ಕಡಿಮೆ; ಹೆಗಲಚೀಲದಲ್ಲಿ ಹಾಕಿಕೊಂಡು ಹೋಗಬಹುದು. 2,000 ಡಾಲರು ಬೆಲೆಬಾಳುತ್ತಿದ್ದ ಯಂತ್ರದ ಜಾಗದಲ್ಲಿ ಸುಮಾರು 800 ಡಾಲರಿನ ಯಂತ್ರ ಬಂದಿತು. ಒಂದು ಪರೀಕ್ಷೆಯ ವೆಚ್ಚ ಸುಮಾರು ಒಂದು ಡಾಲರಿಗೆ ಇಳಿಯಿತು.

ಭಾರತದ ಹಳ್ಳಿಗಾಗಿ ಹುಟ್ಟಿದ ಯಂತ್ರ ಭಾರತದಲ್ಲಿಯೇ ಉಳಿಯಲಿಲ್ಲ. ಯುರೋಪಿನ ದೇಶಗಳಿಗೂ ಹೋಯಿತು. ಸಿರಿವಂತ ದೇಶಗಳಲ್ಲಿಯೂ ಸಣ್ಣ ಚಿಕಿತ್ಸಾಲಯ ನಡೆಸುವ ವೈದ್ಯರಿದ್ದಾರೆ, ಮನೆಗೇ ಹೋಗಿ ರೋಗಿಯನ್ನು ನೋಡುವವರಿದ್ದಾರೆ. ಅವರಿಗೂ ಹಗುರವಾದ ಯಂತ್ರ ಬೇಕಿತ್ತು. ಇಂತಹ ಸಂಗತಿಗಳನ್ನು ಗಮನಿಸಿ ವಿಜಯ್ ಗೋವಿಂದರಾಜನ್ ಮತ್ತು ಕ್ರಿಸ್ ಟ್ರಿಂಬಲ್ ಎಂಬ ವಿದ್ವಾಂಸರು, ಕಂಪನಿಯ ಅಂದಿನ ಮುಖ್ಯಸ್ಥ ಜೆಫ್ರಿ ಇಮೆಲ್ಟ್ ಅವರೊಡಗೂಡಿ 2009ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಬಡದೇಶದಲ್ಲಿ ಹುಟ್ಟಿ ಸಿರಿವಂತ ದೇಶಕ್ಕೆ ಹರಿಯುವ ಶೋಧಕ್ಕೆ ‘ಹಿಮ್ಮುಖ ನವಕಲ್ಪನೆ’ ಎಂಬ ಅರ್ಥದ ಹೆಸರನ್ನು ಅವರು ರೂಢಿಗೆ ತಂದರು. ಅಮರ್ಜೆಯ ದಡದವರಿಗೆ ಇದು ಹಿಮ್ಮುಖವಾಗಿ ಕಾಣಬೇಕಾದ್ದಿಲ್ಲ. ನೀರು ಸಣ್ಣ ಹಳ್ಳದಿಂದ ದೊಡ್ಡ ನದಿಗೆ ಹರಿಯುವುದು ಅದರ ಸಹಜ ದಿಕ್ಕು.

ಇಲ್ಲಿ ಒಂದು ಸಂಗತಿಯನ್ನು ಮರೆಯಬಾರದು. ಹೃದಯದ ಸಂಕೇತಗಳನ್ನು ಅಳೆದು ಅರ್ಥಮಾಡುವ ವಿದ್ಯೆ ಬೆಂಗಳೂರಿನಲ್ಲಿ ಒಂದೆರಡು ವರ್ಷಗಳಲ್ಲಿ ಹುಟ್ಟಿದ್ದಲ್ಲ. ಮಾತೃಸಂಸ್ಥೆ ದಶಕಗಳ ಶ್ರಮದಿಂದ ಅದನ್ನು ಬೆಳೆಸಿತ್ತು. ಅಂಗಸಂಸ್ಥೆ ತಂದುಕೊಟ್ಟದ್ದು ನೆಲದ ಅರಿವು. ಇವೆರಡೂ ಕೂಡಿದಾಗ ಯಂತ್ರ ಹುಟ್ಟಿತು. ವಿದ್ಯೆಯಿಲ್ಲದ ಅನುಭವ ಕುರುಡು. ಅನುಭವವಿಲ್ಲದ ವಿದ್ಯೆ ಹೆಳವು. ಹೆಳವನು ಕುರುಡನ ಹೆಗಲೇರಿದರೆ ಮಾತ್ರ ಇಬ್ಬರೂ ಊರು ಸೇರುತ್ತಾರೆ.

ಇಷ್ಟು ಲಾಭವಿದ್ದರೂ ಅಂಗಸಂಸ್ಥೆಗಳಲ್ಲಿ ಇಂತಹ ಶೋಧಗಳು ವಿರಳವಾಗಿರಲು ಕಾರಣವೇನು? ಅಂಗಸಂಸ್ಥೆಗಳ ಸ್ವಂತ ಉಪಕ್ರಮವನ್ನು ಬಹುಕಾಲ ಅಧ್ಯಯನ ಮಾಡಿದ ಜೂಲಿಯನ್ ಬರ್ಕಿನ್‌ಷಾ ಎಂಬ ವಿದ್ವಾಂಸರು ಇದನ್ನು ದೇಹದ ರೋಗನಿರೋಧಕ ಶಕ್ತಿಗೆ ಹೋಲಿಸಿದ್ದಾರೆ. ಹೊರಗಿನಿಂದ ಬಂದ ಕಣವನ್ನು ದೇಹ ಹೇಗೆ ತಡೆಯುತ್ತದೆಯೋ, ಹಾಗೆಯೇ ದೊಡ್ಡ ಸಂಸ್ಥೆಯೂ ದೂರದಿಂದ ಬಂದ ಹೊಸ ಮಾತನ್ನು ತಡೆಯುತ್ತದೆ. ಯಾರೂ ಕೆಟ್ಟವರಲ್ಲ, ಎಲ್ಲರೂ ತಮ್ಮ ಕರ್ತವ್ಯವನ್ನೇ ಮಾಡುತ್ತಿರುತ್ತಾರೆ. ಮುಖ್ಯ ಕಚೇರಿಯ ಅಧಿಕಾರಿಗೆ ಒಟ್ಟು ವ್ಯಾಪಾರದಲ್ಲಿ ಅಲ್ಪಾಂಶವಾದ ಒಂದು ದೇಶದ ಕೋರಿಕೆ ಅಲ್ಪವಾಗಿಯೇ ತೋರುತ್ತದೆ. ಅಗ್ಗದ ಯಂತ್ರ ಬಂದರೆ ದುಬಾರಿ ಯಂತ್ರದ ಮಾರಾಟ ಕುಸಿದೀತೆಂಬ ಅಳುಕು ಇನ್ನೊಬ್ಬರಿಗೆ. ನಮ್ಮಲ್ಲಿ ಹುಟ್ಟದ್ದು ನಮಗೇಕೆ ಎಂಬ ಅಭಿಮಾನ ಮತ್ತೊಬ್ಬರಿಗೆ. ಇತ್ತ ಅಂಗಸಂಸ್ಥೆಯಲ್ಲಿಯೂ ಒಂದು ದೋಷ ಬೆಳೆಯುತ್ತದೆ. ‘ಹೇಳಿದ್ದನ್ನು ಮಾಡಿದರೆ ಸಾಕು’ ಎಂಬ ಮನೋಭಾವ ನೆಲೆಯೂರುತ್ತದೆ. ಪಾಠ ಹೇಳುವವರಿಗೆ ಇದು ಚೆನ್ನಾಗಿ ತಿಳಿದ ವಿಷಯ. ಪ್ರಶ್ನೆ ಕೇಳಿದ ಹುಡುಗನನ್ನು ಎರಡು ಸಲ ಗದರಿಸಿದರೆ, ಮೂರನೆಯ ಸಲ ಇಡೀ ತರಗತಿಯೇ ಮೌನವಾಗುತ್ತದೆ.

ಹಾಗಾದರೆ ಹೊಸ ಶೋಧವನ್ನು ಪೋಷಿಸುವ ಬಗೆ ಯಾವುದು? ಮೊದಲನೆಯದಾಗಿ, ತೀರ್ಮಾನಿಸುವ ಅಧಿಕಾರ ಸಮಸ್ಯೆಯಿರುವ ಸ್ಥಳಕ್ಕೆ ಹತ್ತಿರವಾಗಬೇಕು. ಪ್ರತಿ ಸಣ್ಣ ವೆಚ್ಚಕ್ಕೂ ಸಮುದ್ರದಾಚೆಯಿಂದ ಒಪ್ಪಿಗೆ ಬರಬೇಕಾದರೆ ಉತ್ಸಾಹ ದಾರಿಯಲ್ಲಿಯೇ ಆರಿಹೋಗುತ್ತದೆ. ಎರಡನೆಯದಾಗಿ, ಎಳೆಯ ಪ್ರಯತ್ನವನ್ನು ಬೆಳೆದ ವ್ಯಾಪಾರದ ಅಳತೆಗೋಲಿನಿಂದ ಅಳೆಯಬಾರದು. ಈ ತಿಂಗಳು ಎಷ್ಟು ಲಾಭ ತಂದೆ ಎಂದು ಸಸಿಯನ್ನು ಕೇಳುವುದು ವಿವೇಕವಲ್ಲ. ಈ ವರ್ಷ ಎಷ್ಟು ಕಲಿತೆ ಎಂದು ಕೇಳಬೇಕು. ಸೋತ ಪ್ರಯೋಗದ ಲೆಕ್ಕವನ್ನು ಅಂಜಿಕೆಯಿಲ್ಲದೆ ಬರೆದಿಡುವ ಅವಕಾಶವಿರಬೇಕು. ಮೂರನೆಯದಾಗಿ, ಮಾತೃಸಂಸ್ಥೆಯ ವಿದ್ಯಾಭಂಡಾರ ಅಂಗಸಂಸ್ಥೆಗೆ ತೆರೆದಿರಬೇಕು. ಮುಖ್ಯ ಕಚೇರಿಯ ಹಿರಿಯರೊಬ್ಬರು ಅದರ ಮಾತಿಗೆ ಬೆಂಬಲವಾಗಿ ನಿಲ್ಲಬೇಕು. ನಾಲ್ಕನೆಯದಾಗಿ, ಎಂಜಿನಿಯರು ಗಾಜಿನ ಕಟ್ಟಡದಿಂದ ಹೊರಗೆ ಬರಬೇಕು. ಟಿಕೆಟ್ ಯಂತ್ರವನ್ನು ನೋಡಲು ಬಸ್ಸನ್ನು ಹತ್ತಿರಬೇಕು. ಕರೆಂಟು ಹೋದಾಗಿನ ಕಷ್ಟವನ್ನು ತಿಳಿಯಲು ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಒಂದು ಮಧ್ಯಾಹ್ನ ಕುಳಿತಿರಬೇಕು.

ಈ ಕೊನೆಯ ಮಾತಿಗೆ ಕಂಪನಿಗಳ ಲೋಕದ ಹೊರಗೂ ಒಂದು ದೃಷ್ಟಾಂತವಿದೆ. ಅದು ನಮ್ಮ ಹೊಲದಲ್ಲಿಯೇ ಇದೆ. 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕಲಬುರಗಿಯ ತೊಗರಿಗೆ ನೆಟೆರೋಗ ಬಹುಕಾಲದ ಶತ್ರು. ಹಸಿರಾಗಿ ನಿಂತ ಗಿಡ ಹೂಬಿಡುವ ಹೊತ್ತಿಗೆ ಒಣಗಿ ನಿಲ್ಲುತ್ತದೆ. ರೋಗದ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಅಡಗಿರುತ್ತದೆ. 1972ರಲ್ಲಿ ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ವಿಜ್ಞಾನಿಗಳು ಆರೋಗ್ಯವಾದ ನೆಲವನ್ನು ಹುಡುಕಲಿಲ್ಲ. ಬೇಕೆಂದೇ ರೋಗವನ್ನು ತುಂಬಿದ ಮಡಿಗಳನ್ನು ಸಿದ್ಧಗೊಳಿಸಿ, ಅವುಗಳಲ್ಲಿ ತೊಗರಿಯ ನಾನಾ ತಳಿಗಳನ್ನು ಬಿತ್ತಿದರು. ಸಾಯುವುದೆಲ್ಲ ಸತ್ತಮೇಲೆ ಬದುಕಿ ನಿಂತ ಗಿಡಗಳಿಂದ ಬೀಜವನ್ನು ಆರಿಸಿದರು. ಈ ಕ್ರಮದಿಂದ ಬಂದ ‘ಮಾರುತಿ’ ಎಂಬ ತಳಿ 1980ರ ದಶಕದಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಗಿ ಕಲಬುರಗಿ ಸೀಮೆಯಲ್ಲಿ ಬೇಗನೆ ಹರಡಿತು. ಕಷ್ಟವಿರುವ ನೆಲವನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಳ್ಳುವುದು ಶೋಧಕನ ಮೊದಲ ಗುಣವೆಂಬುದಕ್ಕೆ ಇದಕ್ಕಿಂತ ಉತ್ತಮ ಸಾಕ್ಷಿ ಬೇಕಿಲ್ಲ.

ಆದರೂ ಬಹುರಾಷ್ಟ್ರೀಯ ಕಂಪನಿಗಳಿಂದ ಎಲ್ಲವೂ ಆಗುತ್ತದೆಂದು ನಂಬಿ ಕುಳಿತುಕೊಳ್ಳುವುದು ಸಲ್ಲದು. ಅಂಗಸಂಸ್ಥೆಯಲ್ಲಿ ಹುಟ್ಟಿದ ಶೋಧದ ಹಕ್ಕುಪತ್ರ ಸಾಮಾನ್ಯವಾಗಿ ಕಂಪನಿಯದೇ ಆಗಿರುತ್ತದೆ; ಲಾಭದ ದೊಡ್ಡ ಪಾಲೂ ಅದರದೇ. ಕೊಳ್ಳುವವರಿಲ್ಲದ ಕಡೆಗೆ ಕಂಪನಿಯ ದೃಷ್ಟಿ ಹೊರಳುವುದು ಕಡಿಮೆ. ಯಂತ್ರ ಅಗ್ಗವಾದ ಮಾತ್ರಕ್ಕೆ ರೋಗಿ ಬದುಕುವುದಿಲ್ಲ. ಯಂತ್ರವನ್ನು ಬಳಸುವ ಕೈ, ಗೆರೆಯನ್ನು ಓದುವ ಕಣ್ಣು, ತಕ್ಕ ಔಷಧ, ಮುಂದಿನ ಆಸ್ಪತ್ರೆಗೆ ಒಯ್ಯುವ ವಾಹನ ಇವೆಲ್ಲವೂ ಬೇಕು. ಅದು ಸಮಾಜದ ಹೊಣೆ, ಸರ್ಕಾರದ ಹೊಣೆ. 2023-24ರಲ್ಲಿ ಕರ್ನಾಟಕ ಸರ್ಕಾರವು ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿ, ತಾಲ್ಲೂಕು ಮಟ್ಟದ ಆಸ್ಪತ್ರೆಗಳಲ್ಲಿ ಇ.ಸಿ.ಜಿ. ಪರೀಕ್ಷೆಗೂ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಬೆಲೆಬಾಳುವ ಚುಚ್ಚುಮದ್ದಿಗೂ ವ್ಯವಸ್ಥೆ ಮಾಡಿತು. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ ಉದ್ಘಾಟನೆಯಾಯಿತು. ಪ್ರಯೋಗಶಾಲೆಯ ಶೋಧಕ್ಕೆ ಇಂತಹ ಲೋಕಹಿತದ ಏರ್ಪಾಡು ಜೊತೆಯಾದಾಗ ಮಾತ್ರ ಅದು ಭೀಮಾತೀರದ ರೈತನ ಎದೆಯನ್ನು ಮುಟ್ಟುತ್ತದೆ.

2024ರ ವೇಳೆಗೆ ಭಾರತದಲ್ಲಿ ಬಹುರಾಷ್ಟ್ರೀಯ ಕಂಪನಿಗಳ ಇಂತಹ ತಾಂತ್ರಿಕ ಕೇಂದ್ರಗಳ ಸಂಖ್ಯೆ 1,700ನ್ನು ಮೀರಿತ್ತು. ಅವುಗಳಲ್ಲಿ ದೊಡ್ಡ ಪಾಲು ಬೆಂಗಳೂರಿನಲ್ಲಿದೆ. ಇನ್ನೂ 500 ಕೇಂದ್ರಗಳನ್ನು 2029ರೊಳಗೆ ರಾಜ್ಯಕ್ಕೆ ತರಬೇಕೆಂಬ ನೀತಿಯನ್ನು ಕರ್ನಾಟಕ 2024ರಲ್ಲಿ ಪ್ರಕಟಿಸಿತು. ಬೆಂಗಳೂರಿನಾಚೆಗೂ ಅವು ಹರಡಬೇಕೆಂಬುದು ಆ ನೀತಿಯ ಆಶಯ. ಕಲಬುರಗಿಯಲ್ಲಿ 1958ರಿಂದ ಎಂಜಿನಿಯರಿಂಗ್ ಕಾಲೇಜಿದೆ. 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ತಲೆಯೆತ್ತಿ ನಿಂತಿದೆ. ಈ ತಾಲ್ಲೂಕುಗಳ ಮಕ್ಕಳು ನಾಳೆ ಆ ಕೇಂದ್ರಗಳಿಗೆ ಹೋಗುವರೆಂಬುದರಲ್ಲಿ ಸಂಶಯವಿಲ್ಲ.

ಹೋಗುವಾಗ ಅವರು ತಮ್ಮ ಊರನ್ನು ಮರೆತು ಹೋಗಬೇಕಾಗಿಲ್ಲ. ನೆಟೆ ಹಿಡಿದ ತೊಗರಿಯನ್ನು ಕಂಡವರು, ರಾತ್ರಿಯಲ್ಲಿ ರೋಗಿಯನ್ನು ಹೊತ್ತ ವಾಹನಕ್ಕಾಗಿ ರಸ್ತೆಯ ಬದಿಯಲ್ಲಿ ಕಾದವರು, ಮಳೆ ಬಿದ್ದಾಗ ಎರೆಭೂಮಿಯಲ್ಲಿ ಗಾಲಿ ಹೂತುಕೊಳ್ಳುವುದನ್ನು ಬಲ್ಲವರು ಬರಿಗೈಯಲ್ಲಿ ಹೋಗುತ್ತಿಲ್ಲ. ದೂರದ ಮುಖ್ಯ ಕಚೇರಿಗೆ ತಿಳಿಯದ, ಯಾವ ಹಣಕ್ಕೂ ದೊರೆಯದ ಅರಿವು ಅದು. ‘ಹೇಳಿದ್ದನ್ನು ಮಾಡುತ್ತೇನೆ’ ಎನ್ನುವುದರ ಜೊತೆಗೆ, ‘ನಮ್ಮ ಕಡೆ ಇದು ಹೀಗೆ ನಡೆಯುವುದಿಲ್ಲ, ಬೇರೆ ರೀತಿ ಮಾಡಿ ನೋಡೋಣ’ ಎಂದು ವಿನಯದಿಂದಲೂ ಧೈರ್ಯದಿಂದಲೂ ಹೇಳಲು ಅವರು ಕಲಿತರೆ, ಕೇಳುವ ಕಿವಿ ಇಂದಲ್ಲ ನಾಳೆ ದೊರಕುತ್ತದೆ.

ಅಭ್ಯಾಸ

1. ಅಂಗಸಂಸ್ಥೆಯನ್ನು ಲೇಖಕರು ಉಪನದಿಗೆ ಹೋಲಿಸಲು ಕಾರಣವೇನು?
2. ಮೈಕೊ ಮತ್ತು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಗಳ ಉದಾಹರಣೆಗಳಿಂದ ತಿಳಿದುಬರುವ ಎರಡು ಹಂತಗಳನ್ನು ವಿವರಿಸಿ.
3. ಸಣ್ಣ ಇ.ಸಿ.ಜಿ. ಯಂತ್ರವನ್ನು ರೂಪಿಸುವಲ್ಲಿ ಬಸ್ಸಿನ ಟಿಕೆಟ್ ಯಂತ್ರ ಹೇಗೆ ನೆರವಾಯಿತು?
4. “ವಿದ್ಯೆಯಿಲ್ಲದ ಅನುಭವ ಕುರುಡು, ಅನುಭವವಿಲ್ಲದ ವಿದ್ಯೆ ಹೆಳವು.” ಈ ಮಾತನ್ನು ಸಂದರ್ಭ ಸಹಿತ ವಿವರಿಸಿ.
5. ಹೊಸ ಶೋಧವನ್ನು ಪೋಷಿಸಲು ಲೇಖಕರು ಸೂಚಿಸಿದ ನಾಲ್ಕು ಮಾರ್ಗಗಳು ಯಾವುವು?
6. ನಿಮ್ಮ ಊರಿನಲ್ಲಿ ಜನರನ್ನು ಬಾಧಿಸುವ ಒಂದು ತೊಂದರೆಯನ್ನು ಗುರುತಿಸಿ, ಅದನ್ನು ದೂರದಲ್ಲಿರುವ ಎಂಜಿನಿಯರೊಬ್ಬರಿಗೆ ತಿಳಿಸುವಂತೆ ಒಂದು ಪತ್ರ ಬರೆಯಿರಿ.